ಹಿರಿಯರ ಆರೈಕೆ ಮನೆಗಳಲ್ಲಿ ಹಿಂಸೆ, ನಿರ್ಲಕ್ಷ್ಯ: ಮನೆಯವರಿಗೆ ಕಾನೂನಿನ ದಾರಿಗಳು

ಕನ್ನಡದ ಮಾತಿನಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಸೇರಿಸುವ ಬಡಾವಣೆಯ ಸಣ್ಣ ಆಸ್ಪತ್ರೆ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವುದು ಎದ್ದು ಓಡಾಡಲಾಗದ ವೃದ್ಧರನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗವನ್ನು. ಅಂಥ ಜಾಗಗಳು ಈಗ ನಮ್ಮಲ್ಲೂ ಇವೆ. ಬೋರ್ಡಿನ ಮೇಲೆ ಮಾತ್ರ ಒಂದೊಂದು ಹೆಸರು: ವೃದ್ಧಾಶ್ರಮ, ಹಿರಿಯರ ಆರೈಕೆ ಕೇಂದ್ರ, ಅಸಿಸ್ಟೆಡ್ ಲಿವಿಂಗ್, ಡಿಮೆನ್ಷಿಯಾ ಕೇರ್, ಸೇವಾಶ್ರಮ.

ಜಾಗದ ಬಗೆ ಬದಲಾದರೆ ಅನ್ವಯಿಸುವ ಕಾಯ್ದೆಯೂ ಬದಲಾಗುತ್ತದೆ, ಹತ್ತಬೇಕಾದ ಕಚೇರಿಯ ಮೆಟ್ಟಿಲೂ ಬದಲಾಗುತ್ತದೆ. ಹೀಗಾಗಿ ಒಳಗೆ ಅನ್ಯಾಯ ನಡೆದಾಗ ಎಲ್ಲಿಗೆ ಹೋಗಬೇಕೆಂದೇ ಮನೆಯವರಿಗೆ ತೋಚುವುದಿಲ್ಲ. ‘ಇದಕ್ಕೆಲ್ಲ ನಮ್ಮಲ್ಲಿ ಕಾನೂನೇ ಇಲ್ಲ’ ಎಂದು ಕೈಚೆಲ್ಲುವವರು ಬಹಳ ಮಂದಿ. ಅದು ನಿಜವಲ್ಲ. ಕಾನೂನು ಇದೆ, ಒಂದೇ ಕಡೆ ಇಲ್ಲ ಅಷ್ಟೆ. ಏಳೆಂಟು ಕಾಯ್ದೆಗಳಲ್ಲಿ ಚೆದುರಿಹೋಗಿದೆ. ಕರ್ನಾಟಕದ ಓದುಗರಿಗಾಗಿ ಅದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಏನೇನು ಇದರಲ್ಲಿ ಬರುತ್ತದೆ

ಹೊಡೆಯುವುದು, ಬೈಯುವುದು, ಮಂಚಕ್ಕೆ ಕಟ್ಟಿಹಾಕುವುದು, ಕೋಣೆಗೆ ಹೊರಗಿನಿಂದ ಚಿಲಕ ಹಾಕುವುದು, ಗಲಾಟೆ ಮಾಡದಿರಲೆಂದು ನಿದ್ದೆಮಾತ್ರೆ ಕೊಟ್ಟು ಮಲಗಿಸುವುದು: ಇವು ಹಿಂಸೆ. ಒದ್ದೆಯಾದ ಡಯಾಪರ್ ಬದಲಿಸದಿರುವುದು, ನೀರು ಕೈಗೆಟುಕದಂತೆ ಇಡುವುದು, ಬಿದ್ದರೂ ಮನೆಯವರಿಗೆ ತಿಳಿಸದಿರುವುದು, ಮಗ್ಗುಲು ಬದಲಿಸದಿರುವುದು: ಇವು ನಿರ್ಲಕ್ಷ್ಯ. ಮೂರನೆಯದು ದುಡ್ಡಿನದು. ಪಿಂಚಣಿಯ ಎಟಿಎಂ ಕಾರ್ಡ್ ಸಿಬ್ಬಂದಿಯ ಕೈ ಸೇರುತ್ತದೆ, ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಇಂಥ ಸಂಸ್ಥೆಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ವ ಆರೋಗ್ಯ ಸಂಸ್ಥೆ, ಹಿಂದಿನ ಒಂದು ವರ್ಷದಲ್ಲಿ ಹಿರಿಯರೊಂದಿಗೆ ಒಂದಲ್ಲ ಒಂದು ಬಗೆಯಲ್ಲಿ ಕೆಟ್ಟದಾಗಿ ನಡೆದುಕೊಂಡಿದ್ದೇವೆ ಎಂದು ಮೂವರು ಸಿಬ್ಬಂದಿಯಲ್ಲಿ ಇಬ್ಬರು ತಾವೇ ಒಪ್ಪಿಕೊಂಡಿದ್ದಾರೆ ಎನ್ನುತ್ತದೆ.

ನಿರ್ಲಕ್ಷ್ಯದ ಅತ್ಯಂತ ನಂಬಲರ್ಹ ಸಾಕ್ಷಿ ಹಾಸಿಗೆ ಹುಣ್ಣು. ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಓಡದೆ ಅದು ಸಾಯತೊಡಗುತ್ತದೆ. ಹಿಮ್ಮಡಿ, ಟೊಂಕದ ಕೆಳಗಿನ ಮೂಳೆ, ಸೊಂಟದ ಎರಡೂ ಬದಿ, ಮೊಣಕೈ, ತಲೆಯ ಹಿಂಭಾಗ ನೋಡಬೇಕಾದ ಜಾಗಗಳು. ಮೊದಲು ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ನೇರಳೆಯಾಗಿಯೋ ಮುಟ್ಟಿದರೆ ಬಿಸಿಯಾಗಿಯೋ ಇರುತ್ತದೆ. ಆಮೇಲೆ ಗುಳ್ಳೆ, ಆಮೇಲೆ ಕುಳಿ, ಕೊನೆಗೆ ಮೂಳೆ.

ನನ್ನ ಸೋದರತ್ತೆಗೆ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೆ ಅಂಥದೊಂದು ಕೇಂದ್ರಕ್ಕೆ ಸೇರಿಸಿದ್ದೆವು. ಏಪ್ರಿಲ್ ಸೆಕೆಯಲ್ಲಿ ಅವರ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿದ್ದರು. ಕಳಚಿದೆ. ಎಡ ಹಿಮ್ಮಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲ ಚರ್ಮ ಕಪ್ಪಾಗಿ ಒಣಗಿತ್ತು, ಅದರ ಅಂಚಿನಿಂದ ವಾಸನೆ ಬರುತ್ತಿತ್ತು. ಮಂಚದ ಕಾಲಿಗೆ ನೇತುಹಾಕಿದ್ದ ಚಾರ್ಟಿನಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಟಿಕ್ ಹಾಕಿತ್ತು. ಒಂದೇ ಪೆನ್ನು, ಒಂದೇ ಕೈ. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಟಿಕ್‌ಗಳು ಸಂಜೆ ಆರರವರೆಗೂ ತುಂಬಿದ್ದವು. ನಾನು ಸಿಟ್ಟಿನಲ್ಲಿ ಎದ್ದಾಗ ಅತ್ತೆ ಬಲಗೈಯಿಂದ ನನ್ನ ಅಂಗಿ ಹಿಡಿದು, ‘ಯಾರಿಗೂ ಏನೂ ಅನ್ನಬೇಡ ಕಣೋ, ರಾತ್ರಿಗೆ ಬರೋರು ಇವರೇ’ ಎಂದರು.

ಮನೆಯವರು ಬಾಯಿ ಬಿಡದಿರುವುದೇಕೆ

ಒಳಗಿರುವವರಿಗೆ ರಾತ್ರಿಯ ಭಯವಾದರೆ, ಹೊರಗಿರುವವರಿಗೆ ‘ತಂದು ಬಿಟ್ಟವರು ನಾವೇ ಅಲ್ಲವೇ’ ಎಂಬ ಅಳುಕು. ದೂರು ಕೊಟ್ಟರೆ ನೆಂಟರಿಷ್ಟರು ಮೊದಲು ಕೇಳುವುದು, ‘ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ’ ಎಂದು. ಇದು ನಡೆಸುವವರಿಗೂ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳಿದ ಮಗನಿಗೆ, ‘ಸರ್, ನಿಮಗೆ ಸಮಾಧಾನ ಇಲ್ಲದಿದ್ದರೆ ಇವತ್ತೇ ಕರೆದುಕೊಂಡು ಹೋಗಿ’ ಎನ್ನುವುದು ಮಾಮೂಲಿ ಉತ್ತರ. ಕಾನೂನಿನ ಕಣ್ಣಿಗೆ ಈ ಅಳುಕಿಗೆ ಯಾವ ಬೆಲೆಯೂ ಇಲ್ಲ. ಆರೈಕೆ ಕೇಂದ್ರಕ್ಕೆ ಸೇರಿಸುವುದು ಅಪರಾಧವಲ್ಲ. ಆರೈಕೆಯ ಹೊಣೆ ಹೊತ್ತು, ಅದನ್ನು ನಡೆಸದಿರುವುದು ಅಪರಾಧ.

ಮೊದಲ ಎರಡು ದಿನ

ಎಲ್ಲ ಕೇಸುಗಳೂ ನಿಲ್ಲುವುದು ಬೀಳುವುದು ಈ ಎರಡು ದಿನಗಳಲ್ಲಿ ಕೂಡಿಹಾಕಿದ ಸಾಕ್ಷಿಯ ಮೇಲೆ. ಗಾಯದ ಫೋಟೋ ತೆಗೆಯುವಾಗ ಪಕ್ಕದಲ್ಲೊಂದು ಸ್ಕೇಲ್ ಅಥವಾ ನಾಣ್ಯ ಇಡಿ; ಒಂದು ಹತ್ತಿರದಿಂದ, ಒಂದು ಮುಖವೂ ಮಂಚವೂ ಕಾಣುವ ಹಾಗೆ. ಚಾರ್ಟುಗಳ ಫೋಟೋ ತಪ್ಪದೆ ತೆಗೆಯಿರಿ. ಬೇರೆ ನಿವಾಸಿಗಳು ಚಿತ್ರದಲ್ಲಿ ಬರಬಾರದು. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ, ವಾಟ್ಸಾಪ್‌ನಲ್ಲಿ ಕಳಿಸಿದ ನಕಲು ಸಾಲದು. ಡಿಜಿಟಲ್ ಸಾಕ್ಷ್ಯವನ್ನು ಕೋರ್ಟಿಗೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ.

ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಗಾಯವನ್ನು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ನಮೂದಿಸಲು ವೈದ್ಯರನ್ನು ಕೇಳಿ. ಹುಣ್ಣು ಎಷ್ಟು ಹಳೆಯದು, ಯಾವ ಹಂತದ್ದು ಎಂದು ವೈದ್ಯರು ಬರೆದ ಒಂದು ಸಾಲು, ಆಮೇಲೆ ನಾವು ಬರೆಯುವ ಹತ್ತು ಪುಟಕ್ಕಿಂತ ತೂಕದ್ದು.

ಸಿಸಿಟಿವಿ ರೆಕಾರ್ಡಿಂಗ್ ತಾನಾಗಿಯೇ ಅಳಿಸಿಹೋಗುತ್ತದೆ. ಆದ್ದರಿಂದ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ದೃಶ್ಯ, ಡ್ಯೂಟಿ ರಿಜಿಸ್ಟರ್, ಔಷಧಿ ಕೊಟ್ಟ ಪುಸ್ತಕ ಇವನ್ನು ಉಳಿಸಿಡಬೇಕು ಎಂದು ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಪತ್ರ ಹಾಕಿ. ವೈದ್ಯರು ನೋಡಿದ್ದರೆ ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳುತ್ತವೆ.

ಬಾಕಿ ಹಣ ಕಟ್ಟದೆ ಬಿಡುವುದಿಲ್ಲ ಎಂದು ಹಿರಿಯರನ್ನು ತಡೆದಿಟ್ಟರೆ ಅದು ಅಕ್ರಮ ಬಂಧನ. ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡಬಹುದೇ ಹೊರತು ಮನುಷ್ಯರನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಕೂಡಲೇ 112ಕ್ಕೆ ಕರೆಮಾಡಿ. ಅದಕ್ಕೂ ಬಗ್ಗದಿದ್ದರೆ ಹುಡುಕಿ ಬಿಡಿಸಿ ತರುವಂತೆ ಮ್ಯಾಜಿಸ್ಟ್ರೇಟರಿಂದ ವಾರಂಟ್ ಪಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಸೆಕ್ಷನ್ ಇದೆ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯಿದೆ.

ಪೊಲೀಸ್ ಠಾಣೆಯಲ್ಲಿ

ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್, ಮಾತಾಡಿಕೊಂಡು ಬಗೆಹರಿಸಿಕೊಳ್ಳಿ’ ಎಂಬ ಮಾತು ಬರಬಹುದು. ದೂರಿನಲ್ಲಿ ಸೆಕ್ಷನ್ ಹೆಸರಿಸುವುದು ನಮ್ಮ ಕೆಲಸವಲ್ಲ. ಆದರೆ ತಿಳಿದಿದ್ದರೆ ಆ ಮಾತಿಗೆ ಎದುರಾಡುವ ಧೈರ್ಯ ಬರುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೀ ಏಟು 115ನೇ ಸೆಕ್ಷನ್. ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದು ಕಳಿಸುತ್ತಾರೆ. ಮೂಳೆ ಮುರಿದಿದ್ದರೆ, ಪ್ರಾಣಕ್ಕೆ ಅಪಾಯವಾಗಿದ್ದರೆ, ಅಥವಾ 15 ದಿನ ತೀವ್ರ ನೋವಿನಲ್ಲಿ ನರಳಿದ್ದರೆ ಅದು ತೀವ್ರ ಗಾಯ. ಉದ್ದೇಶಪೂರ್ವಕವಾದರೆ 117ರಡಿ 7 ವರ್ಷದವರೆಗೆ ಶಿಕ್ಷೆ. ಬೇಜವಾಬ್ದಾರಿಯಿಂದ ಪ್ರಾಣಾಪಾಯ ತಂದೊಡ್ಡಿದರೆ 125. ಕಟ್ಟಿಹಾಕಿದ್ದರೆ, ಕೂಡಿಹಾಕಿದ್ದರೆ 127. ಈ ಕೊನೆಯ ಮೂರಕ್ಕೂ ಎಫ್‌ಐಆರ್ ದಾಖಲಿಸಲೇಬೇಕು. ಹಾಗಾಗಿ ದೂರಿನಲ್ಲಿ ‘ಹೊಡೆದರು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಮಂಚಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿ, ಹೊರಗಿನ ಚಿಲಕ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಬರೆಯಿರಿ.

ವಕೀಲರಲ್ಲೂ ಅನೇಕರು ನೆನಪಿಸಿಕೊಳ್ಳದ ಒಂದು ಸೆಕ್ಷನ್ 357. ಕಾಯಿಲೆಯಿಂದಲೋ ದೈಹಿಕ ದೌರ್ಬಲ್ಯದಿಂದಲೋ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇವೆ ಎಂದು ಒಪ್ಪಂದ ಮಾಡಿಕೊಂಡು, ಬೇಕೆಂದೇ ಆ ಕೆಲಸ ಬಿಟ್ಟವರಿಗೆ 3 ತಿಂಗಳ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. 1860ರ ದಂಡ ಸಂಹಿತೆಯಲ್ಲೇ ಇದು 491ನೇ ಸೆಕ್ಷನ್ ಆಗಿತ್ತು. ಶಿಕ್ಷೆ ಸಣ್ಣದು, ಆದರೆ ಆರೈಕೆ ಕೇಂದ್ರದ ಕರಾರುಪತ್ರಕ್ಕೆ ಇಷ್ಟು ಸರಿಯಾಗಿ ಹೊಂದುವ ಮಾತು ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇನ್ನೊಂದಿಲ್ಲ. ಇದೂ ಅಸಂಜ್ಞೇಯವಾದ್ದರಿಂದ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು.

ಇದಕ್ಕಿಂತ ಬಿಗಿಯಾದದ್ದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಅಂಗವೈಕಲ್ಯವುಳ್ಳವರನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡು ಗೊತ್ತಿದ್ದೂ ಅನ್ನ, ನೀರು ಕೊಡದಿರುವುದು ಅದರ 92ನೇ ಸೆಕ್ಷನ್ ಪ್ರಕಾರ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಶಿಕ್ಷೆಯ ಅಪರಾಧ. ಪಾರ್ಕಿನ್‌ಸನ್ ಕಾಯಿಲೆ ಆ ಕಾಯ್ದೆಯ ಪಟ್ಟಿಯಲ್ಲಿದೆ. ಪಾರ್ಶ್ವವಾಯುವಿನಿಂದ ಶಾಶ್ವತವಾಗಿ ಕೈಕಾಲು ಸ್ವಾಧೀನ ತಪ್ಪಿದವರೂ ಚಲನಾ ವೈಕಲ್ಯದ ಅಡಿ ಬರಬಹುದು. ವೈಕಲ್ಯದ ಪ್ರಮಾಣಪತ್ರ ಮಾಡಿಸಿಟ್ಟಿದ್ದರೆ ಇಲ್ಲಿ ಕೆಲಸಕ್ಕೆ ಬರುತ್ತದೆ. 7ನೇ ಸೆಕ್ಷನ್ನಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಎಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ ಕೊಟ್ಟರೆ, ಅವರು ಬಿಡಿಸಿ ತರುವ ಆದೇಶ ಮಾಡಬಹುದು.

ಘಟನೆ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಿ ಎಂದು ವಾಪಸು ಕಳಿಸುವಂತಿಲ್ಲ. ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ನಿರಾಕರಿಸಿದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಅಂಚೆಯಲ್ಲಿ ದೂರು ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇನ್ನೊಂದು ವಿಷಯ: 60 ದಾಟಿದವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ. ಅವರು ಇರುವಲ್ಲಿಗೇ ಪೊಲೀಸರು ಬರಬೇಕು. ಹೇಳಿಕೆ ಕೊಡುವ ಹೊತ್ತಿಗೆ ಹಿರಿಯರು ಆ ಕೇಂದ್ರದಿಂದ ಹೊರಬಂದಿರುವಂತೆ ನೋಡಿಕೊಳ್ಳಿ. ಆಯಾ ಬಾಗಿಲಲ್ಲಿ ನಿಂತಿರುವಾಗ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ.

ಸಾವು ಸಂಭವಿಸಿದ್ದರೆ

ಸಾವಿನ ಬಗ್ಗೆ ಅನುಮಾನವಿದ್ದರೆ ಸಂಸ್ಕಾರಕ್ಕೆ ಮೊದಲೇ ಪೊಲೀಸರಿಗೆ ತಿಳಿಸಬೇಕು. ಅವರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಮಹಜರು ನಡೆಸಿ, ದೇಹವನ್ನು ಮರಣೋತ್ತರ ಪರೀಕ್ಷೆಗೆ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ‘ಸತ್ತವರ ಮೈ ಕೊಯ್ಯಿಸುವುದು ಬೇಡ’ ಎಂದೇ ಅನ್ನುತ್ತಾರೆ. ಆ ನೋವು ಅರ್ಥವಾಗುವಂಥದ್ದೇ. ಆದರೆ ಚಿತೆಗೆ ಬೆಂಕಿ ಬಿದ್ದ ಮೇಲೆ ನಿರ್ಜಲೀಕರಣ, ಸೋಂಕು, ಮುರಿದ ಪಕ್ಕೆಲುಬು ಯಾವುದನ್ನೂ ಯಾರೂ ಸಾಬೀತು ಮಾಡಲಾರರು. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ನ್ಯಾಯ ಸಂಹಿತೆಯ 106ರಡಿ 5 ವರ್ಷದವರೆಗೆ ಶಿಕ್ಷೆಯಿದೆ.

ಪರಿಹಾರದ ಹಣಕ್ಕೆ ಗ್ರಾಹಕ ಆಯೋಗ

ಹಣ ಕೊಟ್ಟು ಪಡೆದ ಆರೈಕೆ ಒಂದು ಸೇವೆ, ಅದರಲ್ಲಿ ಕೊರತೆಯಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನ್ವಯಿಸುತ್ತದೆ. ಹಣ ಕಟ್ಟಿದ ಮಗಳೂ ಗ್ರಾಹಕಳು, ಆರೈಕೆ ಪಡೆದ ತಾಯಿಯೂ ಗ್ರಾಹಕಳು. ತಾಯಿ ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು. ಘಟನೆಯಿಂದ 2 ವರ್ಷದೊಳಗೆ ಹಾಕಬೇಕು. ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕೇಂದ್ರವಿರುವ ಊರಿಗೆ ಅಲೆಯಬೇಕಿಲ್ಲ.

ಯಾವ ಆಯೋಗ, ಎಷ್ಟು ಶುಲ್ಕ ಎಂಬುದು ನಾವು ಕೇಳುವ ಪರಿಹಾರದ ಮೇಲಲ್ಲ, ಕಟ್ಟಿದ ಹಣದ ಮೇಲೆ ನಿರ್ಧಾರವಾಗುತ್ತದೆ. ತಿಂಗಳಿಗೆ 35,000 ರೂಪಾಯಿಯಂತೆ ಒಂದು ವರ್ಷ ಕಟ್ಟಿದ್ದರೆ 4.2 ಲಕ್ಷ ಆಯಿತು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಆನ್‌ಲೈನಿನಲ್ಲಿ ಇ-ಜಾಗೃತಿ ಮೂಲಕ ಸಲ್ಲಿಸಬಹುದು, ವಕೀಲರನ್ನು ಇಡಲೇಬೇಕೆಂದಿಲ್ಲ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಸೇರಿಸುವಾಗ ಸಹಿ ಹಾಕಿಸಿಕೊಂಡ ಕಾಗದದಲ್ಲಿ ‘ಯಾವುದೇ ಅನಾಹುತಕ್ಕೆ ಸಂಸ್ಥೆ ಹೊಣೆಯಲ್ಲ’ ಎಂದಿದ್ದರೆ ಎದೆಗುಂದಬೇಡಿ. ಅಂಥ ಸಾಲು ನಿರ್ಲಕ್ಷ್ಯವನ್ನು ಪ್ರಶ್ನಿಸುವ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಮಿತಿಯಿದೆ. ಯಾರಿಂದಲೂ ಹಣ ಪಡೆಯದೆ ಪೂರ್ತಿ ಉಚಿತವಾಗಿ ನಡೆಯುವ ಆಶ್ರಮಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿನವರಿಗೆ ಪೊಲೀಸ್ ದೂರು, ಇಲಾಖೆಯ ದೂರುಗಳೇ ಗತಿ. ಸರ್ಕಾರಿ ಆಶ್ರಮವಾದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಒಂದು ವರ್ಷದೊಳಗೆ ಬರೆಯಬಹುದು.

ಎಸಿ ಕೋರ್ಟು ಮಾಡಬಲ್ಲದ್ದು

ಹಿರಿಯರ ಕಾನೂನು ಅಂದೊಡನೆ ಎಲ್ಲರಿಗೂ ನೆನಪಾಗುವುದು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಅದರ ನ್ಯಾಯಮಂಡಳಿ ನಮ್ಮಲ್ಲಿ ಉಪವಿಭಾಗಾಧಿಕಾರಿಯ ಮುಂದೆ ನಡೆಯುತ್ತದೆ. ಜನ ಎಸಿ ಕೋರ್ಟು ಎನ್ನುತ್ತಾರೆ. ಮುಖ್ಯವಾಗಿ ಅದು ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆ. ಆರೈಕೆ ಕೇಂದ್ರದ ಮೇಲಿನ ದೂರಿಗೆ ಅದರಲ್ಲಿ ಎರಡೇ ಹಿಡಿಗಳಿವೆ. 24ನೇ ಸೆಕ್ಷನ್, ತಮ್ಮ ಸುಪರ್ದಿಯಲ್ಲಿರುವ ಹಿರಿಯರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡವರಿಗೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಅದು ಮಕ್ಕಳಿಗೆ ಮಾತ್ರ ಎಂದಿಲ್ಲ. ಕಾಯಿಲೆ ಜೋರಾದ ನಿವಾಸಿಯನ್ನು ಆಸ್ಪತ್ರೆಯ ಜಗಲಿಯಲ್ಲಿ ಇಳಿಸಿ ಹೋದ ಆಶ್ರಮದವರಿಗೂ ಅನ್ವಯಿಸಬಲ್ಲದು. ಇನ್ನೊಂದು 23. ಕೊನೆತನಕ ನೋಡಿಕೊಳ್ಳುತ್ತಾರೆ ಎಂಬ ಷರತ್ತಿನ ಮೇಲೆ ಮನೆಯನ್ನೋ ನಿವೇಶನವನ್ನೋ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಈ ಸೆಕ್ಷನ್ನನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ದಾನಪತ್ರದಲ್ಲೇ ಷರತ್ತನ್ನು ಬರೆಸುವುದು ಕ್ಷೇಮ.

ಪರವಾನಗಿ ಕೊಡುವವರು ಯಾರು

ಇಡೀ ವ್ಯವಸ್ಥೆಯ ದೊಡ್ಡ ಬಿರುಕು ಇಲ್ಲಿದೆ. ಖಾಸಗಿ ಆರೈಕೆ ಕೇಂದ್ರಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂದು ಹಿರಿಯ ನಾಗರಿಕರ ಕಾಯ್ದೆಗೆ ತರಹೊರಟ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಕಾಯ್ದೆಯಾಗದೆ, 17ನೇ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಅಮೆರಿಕ ಇಂಥದೊಂದು ಕಾನೂನನ್ನು 1987ರಲ್ಲೇ ಮಾಡಿಕೊಂಡಿತ್ತು. 2025ರ ಜೂನ್‌ನಲ್ಲಿ ನೋಯ್ಡಾದ ವೃದ್ಧಾಶ್ರಮವೊಂದರಿಂದ 39 ಹಿರಿಯರನ್ನು ರಕ್ಷಿಸಿದಾಗ ಒಬ್ಬ ವೃದ್ಧೆಯ ಕೈ ಕಟ್ಟಿತ್ತು, ಕೆಲವರು ಬೀಗ ಹಾಕಿದ ಕೋಣೆಗಳಲ್ಲಿದ್ದರು. ಅದು ಹೊರಬಂದದ್ದು ಯಾವ ಇಲಾಖೆಯ ತಪಾಸಣೆಯಿಂದಲೂ ಅಲ್ಲ, ಹರಿದಾಡಿದ ಒಂದು ವಿಡಿಯೋದಿಂದ.

ಈಗಿರುವ ಹತೋಟಿಗಳು ಬಿಡಿಬಿಡಿಯಾದವು. ಒಳರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ನೋಂದಣಿ ಬೇಕು. ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ. ಮರೆಗುಳಿ ಕಾಯಿಲೆಯವರನ್ನು ಇಟ್ಟುಕೊಳ್ಳುವ ಕೇಂದ್ರವನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಡಿ ತರಬಹುದು, ಏಕೆಂದರೆ ಅದರ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ಏರುಪೇರೂ ಸೇರಿದೆ. ಆ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ ಒಂಟಿಯಾಗಿ ಕೂಡಿಹಾಕುವಂತೆಯೇ ಇಲ್ಲ. ಕಟ್ಟಿಹಾಕುವುದು ಕೂಡ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ. ಉಳಿದ ವೃದ್ಧಾಶ್ರಮಗಳ ದೂರನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯಾದರೆ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಾಮಾನ್ಯವಾಗಿ 30 ದಿನ, ಜೀವಕ್ಕೆ ಸಂಬಂಧಿಸಿದ ವಿಷಯವಾದರೆ 48 ಗಂಟೆಯೊಳಗೆ ಉತ್ತರಿಸಬೇಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಇಲ್ಲಿ ಅನೇಕರು ಎಡವುತ್ತಾರೆ. ಮಗ ತನ್ನ ಹೆಸರಲ್ಲಿ ಅರ್ಜಿ ಹಾಕಿ, ಸಂಬಳ ಜಾಸ್ತಿಯಾಯಿತೆಂದು ವಾಪಸು ಬರುತ್ತಾನೆ. ಅನ್ಯಾಯವಾದದ್ದು ಅಮ್ಮನಿಗೆ, ಅರ್ಜಿಯೂ ಅಮ್ಮನ ಹೆಸರಲ್ಲೇ ಇರಲಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರದ ಕಚೇರಿ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ದೂರವಾಣಿ 15100. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಿನಲ್ಲಿ ನಗರ ಪೊಲೀಸರ ಜೊತೆಗೂಡಿ ನಡೆಯುವ 1090 ಕೂಡ ಇದೆ.

ಮಕ್ಕಳು ದೂರದೇಶದಲ್ಲಿದ್ದರೆ

ಸನ್ನಿವೇಲ್‌ನಲ್ಲೋ ಸಿಡ್ನಿಯಲ್ಲೋ ಇರುವ ಮಗಳು ಪೊಲೀಸ್ ದೂರನ್ನು ಇಮೇಲಿನಲ್ಲಿ ಕಳಿಸಬಹುದಾದರೂ 3 ದಿನದೊಳಗೆ ಸಹಿ ಮಾಡಬೇಕಾಗುತ್ತದೆ. ಆದ್ದರಿಂದ ಊರಲ್ಲಿರುವ ನಂಬಿಕಸ್ಥ ಬಂಧುವಿನ ಹೆಸರಲ್ಲಿ ದೂರು ಕೊಡಿಸುವುದೇ ವಾಸಿ. ಗ್ರಾಹಕ ಆಯೋಗದ ಕೆಲಸಕ್ಕೆ ಅದೇ ಬಂಧುವಿಗೆ ಅಧಿಕಾರಪತ್ರ ಬರೆದುಕೊಡಬಹುದು. ಅಲ್ಲಿ ದೃಢೀಕರಿಸಿದ ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಸೇರಿಸುವ ಮೊದಲು ಓದಬೇಕಾದ ಕಾಗದ

ಕರಾರುಪತ್ರದಲ್ಲಿ ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ ಎಂದು ಸಂಖ್ಯೆಯಲ್ಲಿ ಬರೆಸಿ. ಬಿದ್ದರೆ, ಗಾಯವಾದರೆ ಎಷ್ಟು ಗಂಟೆಯೊಳಗೆ ತಿಳಿಸುತ್ತಾರೆ ಎಂದು ಬರೆಸಿ. ಹಣದ ಪ್ರತಿ ಕಂತಿಗೂ ರಸೀದಿ ಪಡೆಯಿರಿ, ‘ದೇಣಿಗೆ’ ಎಂದು ಬರೆದುಕೊಟ್ಟರೆ ‘ಆರೈಕೆ ಶುಲ್ಕ’ ಎಂದು ತಿದ್ದಿಸಿ. ಗ್ರಾಹಕ ಆಯೋಗದಲ್ಲಿ ಆ ಒಂದು ಪದ ಮುಖ್ಯವಾಗುತ್ತದೆ. ಭೇಟಿಗೆ ಬರುವ ಮುನ್ನ ಫೋನ್ ಮಾಡಿ ಅನುಮತಿ ಪಡೆಯಬೇಕು ಎಂಬ ಸಾಲಿದ್ದರೆ ಅದನ್ನು ಹೊಡೆದುಹಾಕಿಸಿ ಸಹಿ ಮಾಡಿ. ಸೋದರತ್ತೆಯನ್ನು ನೋಡಲು ಆರು ಭಾನುವಾರ ಫೋನ್ ಮಾಡಿಯೇ ಹೋಗಿದ್ದೆ. ಪ್ರತಿ ಸಲವೂ ತಲೆ ಬಾಚಿ, ಕುರ್ಚಿಯಲ್ಲಿ ಕೂರಿಸಿ, ಕಾಲಮೇಲೆ ಶಾಲು ಹೊದಿಸಿರುತ್ತಿದ್ದರು. ಹಿಮ್ಮಡಿ ಕಂಡದ್ದು, ಹೇಳದೆ ಹೋದ ಆ ಮಂಗಳವಾರ.